ಶಾಲೆಯ ಸುತ್ತಲಿನ ಒಂದು ಕಿಲೋಮೀಟರು

(ಶತಮಾನೋತ್ಸವದ ಪೋಷಕರ ಮತ್ತು ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಬೆಳೆಯುತ್ತಿರುವ ನಗರದ ನಡುವೆ ನಮ್ಮ ಶಾಲೆಯ ಮುಂದಿನ ದಾರಿ ಯಾವುದು ಎಂಬ ವಿಷಯವನ್ನು ಸಮಿತಿಯವರು ನನಗೆ ವಹಿಸಿದ್ದಾರೆ. ಶಾಲೆಯನ್ನು ಕಟ್ಟಿ ಬೆಳೆಸಿದ ಪುಣ್ಯಾತ್ಮರನ್ನು ಕುರಿತು ನನಗಿಂತ ಚೆನ್ನಾಗಿ ಬಲ್ಲವರು ಈಗಾಗಲೇ ಮಾತನಾಡಿದ್ದಾರೆ. ಅವರೆಲ್ಲರಿಗೂ ವಂದಿಸಿ ನಾನು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಗಡಿನಾಡಿನ ಸಭೆಗಳಲ್ಲಿ ಕನ್ನಡ ಶಾಲೆಯ ಪ್ರಸ್ತಾಪ ಬಂದಾಗ ಭಾಷಾಭಿಮಾನದ ಮಾತುಗಳನ್ನು ಆಡುವುದು ನಮ್ಮ ರೂಢಿ. ಅಭಿಮಾನ ಅವಶ್ಯವಾಗಿ ಬೇಕು. ಆದರೆ ಪ್ರತಿ ವರ್ಷ ಜೂನ್ ತಿಂಗಳಲ್ಲಿ ದಾಖಲಾತಿ ಪುಸ್ತಕವನ್ನು ಮುಂದಿಟ್ಟುಕೊಂಡು ಕೂರುವ ನನಗೆ ಇನ್ನೊಂದು ಸಂಗತಿ ಸ್ಪಷ್ಟವಾಗಿ ಕಾಣುತ್ತದೆ. ಶಾಲೆಗೆ ಮಕ್ಕಳು ಬರುವುದು ಮನೆಗಳಿಂದ. ಪುಟ್ಟ ಮಗುವೊಂದು ನಡೆದು ಬರಬಹುದಾದ ದೂರದಲ್ಲಿ, ಸಂಸಾರವಂದಿಗರ ಕೈಗೆಟುಕುವ ಬಾಡಿಗೆಗೆ ಮನೆಗಳಿದ್ದರೆ ಶಾಲೆ ಉಳಿಯುತ್ತದೆ. ಅಂಥ ಮನೆಗಳು ಇಲ್ಲವಾದರೆ ಎಷ್ಟು ಅಭಿಮಾನವಿದ್ದರೂ ತರಗತಿ ತುಂಬುವುದಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಇದರ ವಿವರಣೆ.

ಮೊದಲು ಕಾನೂನಿನ ಮಾತು. 1956ರಲ್ಲಿ ರಾಜ್ಯಗಳು ಭಾಷಾವಾರು ಪುನರ್ವಿಂಗಡಣೆಗೊಂಡಾಗ ನಮ್ಮ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅದೇ ವರ್ಷ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕ ಸೌಲಭ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಇದಕ್ಕೂ ಮೊದಲು, 1949ರ ಆಗಸ್ಟ್‌ನಲ್ಲಿ ಸೇರಿದ್ದ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನವು ಒಂದು ಅಳತೆಯನ್ನು ಗೊತ್ತುಮಾಡಿತ್ತು. ಆ ಭಾಷೆಯನ್ನಾಡುವ ಮಕ್ಕಳು ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಂದಿ ಇದ್ದರೆ ಅವರಿಗೊಬ್ಬ ಶಿಕ್ಷಕರನ್ನು ಕೊಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ನೆರೆಹೊರೆಯ ಶಾಲೆ ಎಂಬ ಕಲ್ಪನೆಯನ್ನು ತಂದಿತು. ಅದರ ನಿಯಮಗಳ ಪ್ರಕಾರ ಒಂದರಿಂದ ಐದನೆಯ ತರಗತಿಯ ಮಗುವಿಗೆ ಶಾಲೆ 1 ಕಿಲೋಮೀಟರಿನೊಳಗೆ, ಆರರಿಂದ ಎಂಟನೆಯ ತರಗತಿಯ ಮಗುವಿಗೆ 3 ಕಿಲೋಮೀಟರಿನೊಳಗೆ ಇರಬೇಕು.

ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿ. ಒಂದು ತರಗತಿಗೆ ಹತ್ತು ಮಕ್ಕಳು. ಒಂದು ಮಗುವಿಗೆ ಒಂದು ಕಿಲೋಮೀಟರು. ಹಕ್ಕನ್ನು ಸಂವಿಧಾನ ಕೊಟ್ಟಿದೆ, ಆದರೆ ಅದನ್ನು ಬಳಸಲು ಬೇಕಾದ ತಲೆಯೆಣಿಕೆ ನಮ್ಮ ಬೀದಿಗಳಲ್ಲಿ ಇರಬೇಕು. ಆದ್ದರಿಂದ ಆ ಬೀದಿಗಳಲ್ಲಿ ಏನು ನಡೆದಿದೆ ಎಂಬುದನ್ನು ಸ್ವಲ್ಪ ನೋಡೋಣ.

ಶಾಲೆ ಇದ್ದಲ್ಲಿಯೇ ಇದೆ. ಜಿಲ್ಲೆ ಮಾತ್ರ ಸೇಲಂ ಆಗಿದ್ದುದು 1965ರಲ್ಲಿ ಧರ್ಮಪುರಿಯಾಗಿ, 2004ರಲ್ಲಿ ಕೃಷ್ಣಗಿರಿಯಾಯಿತು. ನಮ್ಮ ಹಿರಿಯರ ಕಾಲದ ಹೊಸೂರು ರಾಗಿ ಹೊಲಗಳ, ಕೆರೆಗಳ, ವಾರದ ಸಂತೆಯ ಊರು. ತಮಿಳುನಾಡು ಸರ್ಕಾರ 1971ರಲ್ಲಿ ಸಿಪ್ಕಾಟ್ ಸಂಸ್ಥೆಯನ್ನು ಸ್ಥಾಪಿಸಿ, ಆ ದಶಕದಲ್ಲಿಯೇ ಇಲ್ಲಿ ಕೈಗಾರಿಕಾ ಪ್ರದೇಶವನ್ನು ತೆರೆಯಿತು. 1980ರ ದಶಕ ಮುಗಿಯುವಷ್ಟರಲ್ಲಿ ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟನ್ ಕಾರ್ಖಾನೆಗಳು ನೆಲೆಗೊಂಡಿದ್ದವು. ಗಡಿಯಾಚೆ ಎಲೆಕ್ಟ್ರಾನಿಕ್ ಸಿಟಿ ಬೆಳೆಯಿತು. 2010ರಲ್ಲಿ ಅಲ್ಲಿಗೆ ಮೇಲ್ಸೇತುವೆ ರಸ್ತೆ ಬಂತು. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಮೆಟ್ರೋದ ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಓಡತೊಡಗಿತು. ಅಲ್ಲಿಂದ ಹೊಸೂರಿಗೆ ಉಳಿದಿರುವುದು ಇಪ್ಪತ್ತು ಕಿಲೋಮೀಟರಿಗಿಂತ ಕಡಿಮೆ ದೂರ.

ಜನಗಣತಿಯ ಅಂಕಿಗಳೂ ಇದನ್ನೇ ಹೇಳುತ್ತವೆ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ ಸುಮಾರು 65 ಲಕ್ಷವಿದ್ದದ್ದು 2011ಕ್ಕೆ 96 ಲಕ್ಷವಾಯಿತು. ಹೊಸೂರು ಪುರಸಭೆಯ ಜನಸಂಖ್ಯೆ ಅದೇ ಹತ್ತು ವರ್ಷಗಳಲ್ಲಿ 84,394ರಿಂದ 1,16,821ಕ್ಕೆ ಏರಿತು. 2019ರಲ್ಲಿ ಸುತ್ತಲಿನ ಹಳ್ಳಿಗಳನ್ನೂ ಒಳಗೊಂಡು ಹೊಸೂರು ಮಹಾನಗರಪಾಲಿಕೆಯಾಯಿತು. ಊರು ಇಷ್ಟು ಬೆಳೆದಿದ್ದರೂ ನಮ್ಮ ಒಂದನೆಯ ತರಗತಿ ಏಕೆ ಬೆಳೆಯಲಿಲ್ಲ? ಈ ಪ್ರಶ್ನೆಯನ್ನು ಹಳೆಯ ವಿದ್ಯಾರ್ಥಿಗಳು ನನ್ನನ್ನು ಅನೇಕ ಸಲ ಕೇಳಿದ್ದಾರೆ. ಉತ್ತರ ಮನೆಗಳಲ್ಲಿದೆ.

ಶಾಲೆಯ ಸುತ್ತ ಹೊಲ ಮಾಡುತ್ತಿದ್ದ ಕುಟುಂಬಗಳು ನೆಲವನ್ನು ಲೇಔಟಿಗೆ ಕೊಟ್ಟವು. ಅದನ್ನು ನಾನು ತಪ್ಪೆನ್ನುವುದಿಲ್ಲ. ಮಳೆಯನ್ನು ನಂಬಿದ ಎರಡು ಎಕರೆಯಿಂದ ಮಗಳ ಮದುವೆಯೂ ಮಗನ ಇಂಜಿನಿಯರಿಂಗ್ ಓದೂ ಸಾಗುವುದಿಲ್ಲವೆಂಬುದು ಇಲ್ಲಿ ಕುಳಿತಿರುವ ಎಲ್ಲರಿಗೂ ಗೊತ್ತು. ಆ ಹಣದಿಂದ ಓದಿದ ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿದರು. ಅವರ ಮಕ್ಕಳು ಅಲ್ಲಿಯ ಶಾಲೆಗಳಿಗೆ ಹೋಗುತ್ತಾರೆ. ಇಲ್ಲಿ ಉಳಿದ ಸೈಟುಗಳಲ್ಲಿ ಎಷ್ಟೋ ಸೈಟುಗಳು ಬೆಲೆ ಏರಲೆಂದು ಕಾಯುತ್ತಾ ಖಾಲಿ ಬಿದ್ದಿವೆ. ಖಾಲಿ ಸೈಟಿನಿಂದ ಶಾಲೆಗೆ ಮಗು ಬರುವುದಿಲ್ಲ.

ಕಟ್ಟಿದ ಮನೆಗಳ ಕಥೆ ಇನ್ನೊಂದು. ಮೊದಲ ತಲೆಮಾರಿನ ಕಾರ್ಖಾನೆಗಳ ಕಾಲದಲ್ಲಿ ಕೆಲಸ ಖಾಯಂ ಆದವರು ಮದುವೆಯಾಗಿ, ಇಲ್ಲಿಯೇ ಮನೆ ಮಾಡಿದರು. ಟೈಟನ್ ಸಂಸ್ಥೆ ಮತ್ತಿಗಿರಿಯ ಬಳಿ ನೌಕರರಿಗಾಗಿ ವಸತಿ ಬಡಾವಣೆಯನ್ನೇ ಕಟ್ಟಿಸಿತು. ಇಂದಿನ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೆ ಬರುವವರಲ್ಲಿ ಬಹುಪಾಲು ಅವಿವಾಹಿತ ಯುವತಿಯರು. ದೂರದ ಜಿಲ್ಲೆಗಳಿಂದಲೂ ಬೇರೆ ರಾಜ್ಯಗಳಿಂದಲೂ ಬಂದು ಅವರು ಹಾಸ್ಟೆಲುಗಳಲ್ಲಿ ಇರುತ್ತಾರೆ. ಆ ಹೆಣ್ಣುಮಕ್ಕಳ ದುಡಿಮೆಯನ್ನು ಕಂಡರೆ ನನಗೆ ಗೌರವ. ಆದರೆ ಹಾಸ್ಟೆಲು ಕಟ್ಟಿದರೆ ಕೆಲಸಗಾರರು ಬರುತ್ತಾರೆ, ಮನೆ ಕಟ್ಟಿದರೆ ಸಂಸಾರ ಬರುತ್ತದೆ. ಊರಿನ ಜನಸಂಖ್ಯೆ ಏರಿಯೂ ಊರಿನ ಮಕ್ಕಳ ಸಂಖ್ಯೆ ಅದೇ ಪ್ರಮಾಣದಲ್ಲಿ ಏರದಿರುವುದಕ್ಕೆ ಇದೂ ಒಂದು ಕಾರಣ. ಖಾಸಗಿ ಮನೆಗಳ ಮಾಲೀಕರಿಗೂ ಅದೇ ಲೆಕ್ಕ ಹಿಡಿದಿದೆ. ಒಂದು ಮನೆಯನ್ನು ಒಂದು ಸಂಸಾರಕ್ಕೆ ಕೊಡುವುದಕ್ಕಿಂತ ಕೋಣೆಗೆ ಮೂರು ಮಂಚ ಹಾಕಿ ತಲೆಗಿಷ್ಟೆಂದು ವಸೂಲು ಮಾಡಿದರೆ ಹೆಚ್ಚು ಹಣ ಬರುತ್ತದೆ.

ಇದರ ನಡುವೆಯೂ ಇಬ್ಬಗೆಯ ಕನ್ನಡ ಸಂಸಾರಗಳು ನಮ್ಮ ಕಡೆಗೆ ಬರುತ್ತಿವೆ. ಬೆಂಗಳೂರಿನ ಬಾಡಿಗೆಯನ್ನೂ ಅಡ್ವಾನ್ಸನ್ನೂ ಹೊರಲಾಗದೆ ಚಂದಾಪುರ, ಅತ್ತಿಬೆಲೆ ದಾಟಿ ಗಡಿಯ ಈಚೆಗೆ ಮನೆ ಹಿಡಿದವರು ಒಂದು ಬಗೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಗಳಿಂದ ಕಟ್ಟಡ ಕೆಲಸಕ್ಕೆಂದು ಬಂದು, ಕೆಲಸವಿದ್ದಲ್ಲಿ ತಗಡಿನ ಮನೆ ಹಾಕಿಕೊಳ್ಳುವವರು ಇನ್ನೊಂದು ಬಗೆ. ಈ ಎರಡನೆಯವರ ಮಕ್ಕಳು ಜೂನ್ ತಿಂಗಳನ್ನು ನೋಡಿಕೊಂಡು ಬರುವುದಿಲ್ಲ. ಅಕ್ಟೋಬರಿನಲ್ಲಿ ಬರುತ್ತಾರೆ, ಫೆಬ್ರುವರಿಯಲ್ಲಿ ಹೊರಡುತ್ತಾರೆ. ವರ್ಗಾವಣೆ ಪತ್ರವಿಲ್ಲವೆಂದೋ ತಡವಾಯಿತೆಂದೋ ಇವರನ್ನು ಹಿಂದಕ್ಕೆ ಕಳುಹಿಸಲು ಶಿಕ್ಷಣ ಹಕ್ಕು ಕಾಯ್ದೆ ನಮಗೆ ಅವಕಾಶ ಕೊಟ್ಟಿಲ್ಲ. ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ ಇಷ್ಟು: ಅವರು ಆಡುವ ಕನ್ನಡ ನಮ್ಮ ಹೊಸೂರು ಸೀಮೆಯ ಕನ್ನಡಕ್ಕಿಂತ ಬೇರೆ. ಅದನ್ನು ತರಗತಿಯಲ್ಲಿ ಯಾರೂ ನಗೆಗೀಡು ಮಾಡದಂತೆ ನೋಡಿಕೊಳ್ಳಿ. ನಾಲ್ಕು ತಿಂಗಳಿಗಾಗಿ ಬಂದ ಮಗುವಿಗೂ ಓದಲು ಬರೆಯಲು ಕಲಿಸಿ ಕಳುಹಿಸೋಣ.

ಪೋಷಕರು ನನ್ನನ್ನು ಕೇಳುವ ಪ್ರಶ್ನೆ ಬೇರೆ. ‘ಟೀಚರಮ್ಮ, ಇಲ್ಲಿ ಓದಿದರೆ ನಾಳೆ ಕೆಲಸ ಸಿಕ್ಕುತ್ತದೆಯೇ?’ ನ್ಯಾಯವಾದ ಪ್ರಶ್ನೆ. ಭಾಷೆಯ ಹೆಸರಿನಲ್ಲಿ ಮಗುವಿನ ಅನ್ನದ ದಾರಿಯನ್ನು ಕಟ್ಟುವ ಹಕ್ಕು ಯಾರಿಗೂ ಇಲ್ಲ. 2006ರ ತಮಿಳು ಕಲಿಕೆ ಕಾಯ್ದೆಯಿಂದಾಗಿ ನಮ್ಮ ಮಕ್ಕಳು ತಮಿಳನ್ನೂ ಕಲಿಯುತ್ತಿದ್ದಾರೆ. ಮಾತೃಭಾಷೆಯ ಸ್ಥಾನವನ್ನು ಕುರಿತು ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲೇರಿದ್ದುಂಟು. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ತಮಿಳು ಕಲಿಯುವುದು ಮಗುವಿಗೆ ನಷ್ಟವೆಂದು ನಾನು ಎಂದೂ ಹೇಳಲಾರೆ. 2021ರ ಡಿಸೆಂಬರಿನ ಆದೇಶದ ನಂತರ ತಮಿಳುನಾಡಿನ ಸರ್ಕಾರಿ ನೇಮಕಾತಿ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆಯಲ್ಲಿ ತೇರ್ಗಡೆಯಾಗುವುದು ಕಡ್ಡಾಯವಾಗಿದೆ. ಗಡಿಯಾಚೆ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿ ಅಂಗಡಿಯಿಂದ ಆಸ್ಪತ್ರೆಯವರೆಗೆ ಕನ್ನಡ ಓದಿ ಬರೆಯಬಲ್ಲವರಿಗೆ ಕೆಲಸವಿದೆ. ಬೀದಿಯಲ್ಲಿ ತೆಲುಗು ತಾನಾಗಿ ಬರುತ್ತದೆ. ಇಂಗ್ಲಿಷನ್ನು ನಾವು ಗಟ್ಟಿಯಾಗಿ ಕಲಿಸಬೇಕು. ಅದು ನಮ್ಮ ಹೊಣೆ, ಅದರ ಲೆಕ್ಕವನ್ನು ನಮ್ಮಿಂದ ಕೇಳಿ. ಎರಡು ರಾಜ್ಯಗಳ ನಡುವೆ ಬೆಳೆದು ನಿಂತಿರುವ ಈ ಒಂದೇ ನಗರದಲ್ಲಿ ನಾಲ್ಕು ಭಾಷೆ ಬಲ್ಲ ಹುಡುಗ ಹುಡುಗಿಯರು ಹಿಂದೆ ಬೀಳಬೇಕಾಗಿಲ್ಲ.

ಇನ್ನು ಈ ಸಭೆಯಲ್ಲಿ ಕೆಲವು ಬೇಡಿಕೆಗಳನ್ನು ಇಡುತ್ತೇನೆ. ಶತಮಾನೋತ್ಸವಕ್ಕೆ ಕೊಠಡಿ ಕಟ್ಟಿಸಿಕೊಡುತ್ತೇವೆ, ಕಂಪ್ಯೂಟರ್ ಕೊಡುತ್ತೇವೆ ಎಂದು ಅನೇಕರು ಮುಂದೆ ಬಂದಿದ್ದೀರಿ. ಕೃತಜ್ಞತೆಗಳು. ಅದರ ಜೊತೆಗೆ ಹಣ ಖರ್ಚಾಗದ ಇನ್ನೊಂದು ದಾನವಿದೆ. ಶಾಲೆಯ ಸುತ್ತ ಬಾಡಿಗೆ ಮನೆಗಳಿರುವ ಹಳೆಯ ವಿದ್ಯಾರ್ಥಿಗಳು ನಾಲ್ಕರಲ್ಲಿ ಒಂದು ಮನೆಯನ್ನಾದರೂ ಚಿಕ್ಕ ಮಕ್ಕಳಿರುವ ಸಂಸಾರಕ್ಕೆ, ಅವರು ಕೊಡಬಲ್ಲ ಬಾಡಿಗೆಗೆ ಕೊಡಿ. ಹತ್ತು ತಿಂಗಳ ಅಡ್ವಾನ್ಸ್ ಕೇಳಬೇಡಿ. ಜಾತಿ ಕೇಳಬೇಡಿ. ‘ಮಕ್ಕಳಿದ್ದರೆ ಗೋಡೆ ಹಾಳು’ ಎಂದು ತಿರುಗಿಸಿ ಕಳುಹಿಸಬೇಡಿ. ಅಂಥ ಹತ್ತು ಮನೆಗಳು ಸಿಕ್ಕಿದರೆ ನಮಗೊಂದು ತರಗತಿ ಸಿಕ್ಕಿದಂತೆ.

ನೆಲವನ್ನು ಲೇಔಟಿಗೆ ಕೊಡುವವರಿಗೆ ಒಂದು ಮಾತು. ಅನುಮೋದನೆಯಿಲ್ಲದ ಸೈಟುಗಳ ನೋಂದಣಿಯನ್ನು ಮದರಾಸು ಹೈಕೋರ್ಟ್ 2016ರ ಸೆಪ್ಟೆಂಬರಿನಲ್ಲಿ ತಡೆದಾಗ, ಬೆವರು ಸುರಿಸಿ ಉಳಿಸಿದ ಹಣದಲ್ಲಿ ಸೈಟು ಕೊಂಡಿದ್ದವರು ಎಷ್ಟು ಪರದಾಡಿದರೆಂಬುದು ನೆನಪಿರಬಹುದು. ಅನುಮೋದನೆ ಪಡೆದ ಬಡಾವಣೆಯಲ್ಲಿಯೇ ನೆಲ ಕೊಡಿ, ಕೊಳ್ಳಿ. ಹತ್ತು ಸಾವಿರ ಚದರ ಮೀಟರಿಗಿಂತ ದೊಡ್ಡ ಬಡಾವಣೆಯಾದರೆ ರಸ್ತೆಗಳನ್ನು ಬಿಟ್ಟು ಉಳಿದ ನೆಲದ ಶೇಕಡ 10ರಷ್ಟನ್ನು ಬಯಲು ಜಾಗವಾಗಿ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕೆಂಬ ನಿಯಮವಿದೆ. ಆ ಬಯಲು ನಕ್ಷೆಯಲ್ಲಿ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ. ಅದು ಮೂಲೆಯ ಹಳ್ಳದಲ್ಲಿ ಹೋಗದಿರಲಿ. ಶಾಲೆಯ ಕಡೆಗಿದ್ದರೆ ಮಕ್ಕಳಿಗೆ ಆಟಕ್ಕೆ ಒದಗುತ್ತದೆ.

ಕೊನೆಯದಾಗಿ ಜನಗಣತಿಯ ವಿಷಯ. 2021ರಲ್ಲಿ ನಡೆಯಬೇಕಿದ್ದ ಗಣತಿ ಈಗ 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ನಡೆಯಲಿದೆ. ಗಣತಿದಾರರು ಮಾತೃಭಾಷೆ ಕೇಳಿದಾಗ ನಿಮ್ಮ ತಾಯಿ ನಿಮ್ಮೊಡನೆ ಆಡಿದ ಭಾಷೆಯನ್ನು ಹೇಳಿ. ಅದು ಕನ್ನಡವಾದರೆ ಕನ್ನಡ, ತೆಲುಗಾದರೆ ತೆಲುಗು, ತಮಿಳಾದರೆ ತಮಿಳು. ‘ಇಲ್ಲಿರುವುದರಿಂದ ಯಾವುದಾದರೂ ಬರೆದುಕೊಳ್ಳಿ’ ಎನ್ನಬೇಡಿ. ನಾಳೆ ಶಿಕ್ಷಕರ ಹುದ್ದೆಯನ್ನು ಕೇಳಲು ಹೋದಾಗ ನಾವು ತೋರಿಸಬಹುದಾದ ಲೆಕ್ಕ ಅದೇ.

ಕೆಲಸ ಅರಸಿ ಇಲ್ಲಿಗೆ ಬಂದಿರುವ ಬೇರೆ ಭಾಷೆಯವರ ಬಗ್ಗೆ ನಮ್ಮಲ್ಲಿ ಯಾರಿಗೂ ಅಸಮಾಧಾನ ಬೇಡ. ನಮ್ಮ ಹಳೆಯ ವಿದ್ಯಾರ್ಥಿಗಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಕೊಲ್ಲಿ ನಾಡುಗಳಲ್ಲಿ ಹೀಗೆಯೇ ಅಪರಿಚಿತರ ಮನೆಬಾಗಿಲಲ್ಲಿ ನಿಂತು ಬಾಡಿಗೆ ಎಷ್ಟೆಂದು ಕೇಳಿದವರು. ಅಲ್ಲಿ ಯಾರೋ ಬಾಗಿಲು ತೆರೆದದ್ದರಿಂದ ಅವರ ಬದುಕು ನೆಲೆಗೊಂಡಿತು.

ಬಾಡಿಗೆಗೆ ಮನೆ ಕೊಡಬಲ್ಲವರು ಹೆಸರು ಬರೆಸಲೆಂದು ಕಚೇರಿಯ ಮೇಜಿನ ಮೇಲೆ ಇಂದಿನಿಂದ ಒಂದು ಪುಸ್ತಕವನ್ನು ಇಟ್ಟಿದ್ದೇವೆ. ಊಟಕ್ಕೆ ಹೋಗುವ ಮೊದಲು ದಯವಿಟ್ಟು ಅಲ್ಲಿಗೆ ಬನ್ನಿ.