ನಮ್ಮ ಶಾಲೆಗೂ ಒಂದು ಬೀದರ್ ಬೇಕು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾವು ಇದೇ ಮೈದಾನದಲ್ಲಿ ಕಬಡ್ಡಿ ಆಡುವಾಗ ವಿಮಾನದ ಸದ್ದು ಕೇಳಿದರೆ ಆಟ ನಿಲ್ಲಿಸಿ ಮೇಲೆ ನೋಡುತ್ತಿದ್ದೆವು. ಈಗ ಶಿವಮೊಗ್ಗ, ಭದ್ರಾವತಿ ಎರಡಕ್ಕೂ ಹತ್ತಿರದ ಸೋಗಾನೆಯಲ್ಲೇ 3,200 ಮೀಟರ್ ರನ್‌ವೇ ಇದೆ. ಹಾಗಾಗಿ ಇವತ್ತು ವಿಮಾನದ ಮಾತನ್ನೇ ಆಡುತ್ತೇನೆ.

2011ರಲ್ಲಿ ನಾನು ಬಿ.ಇ. ಓದುತ್ತಿದ್ದಾಗ ಯಲಹಂಕದ ಏರೋ ಇಂಡಿಯಾದಲ್ಲಿ ಸೂರ್ಯಕಿರಣ್ ತಂಡದ ಹಾರಾಟ ನೋಡಿದೆ. ಒಂಬತ್ತು ವಿಮಾನಗಳು ಒಂದೇ ಹಕ್ಕಿಯಂತೆ ತಿರುಗುತ್ತಿದ್ದವು. ಆ ತಂಡ 1996ರಲ್ಲಿ ಹುಟ್ಟಿದ್ದು ನಮ್ಮ ಬೀದರಿನಲ್ಲಿ. ಮಹಮೂದ್ ಗವಾನ್ 15ನೇ ಶತಮಾನದಲ್ಲಿ ಮದರಸಾ ಕಟ್ಟಿಸಿದ ಊರಿನಲ್ಲಿ ಇಂದು ವಾಯುಪಡೆಯ ದೊಡ್ಡ ಪಾಠಶಾಲೆ ಇದೆ.

ಅದರ ಮಹತ್ವ ತಿಳಿಯಲು ಹಿಂದಿನ ಕಥೆ ಕೇಳಬೇಕು. ಮೊದಲು ನಮ್ಮ ಯುವ ಪೈಲಟ್‌ಗಳು ಕಿರಣ್‌ನಂಥ ನಿಧಾನದ ವಿಮಾನಗಳಲ್ಲಿ ಕಲಿತು, ಗಂಟೆಗೆ 300 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನೆಲಕ್ಕಿಳಿಯುವ ಮಿಗ್-21 ಹತ್ತಬೇಕಿತ್ತು. ನಡುವೆ ಮೆಟ್ಟಿಲೇ ಇರಲಿಲ್ಲ. ಎಷ್ಟೋ ಜೀವಗಳು ಹೋದವು. ಬೇರೆ ಕಾರಣಗಳೂ ಇದ್ದವು, ಇದೂ ಒಂದು. ನಡುವಿನ ಹಂತಕ್ಕೆ ಜೆಟ್ ತರಬೇತಿ ವಿಮಾನ ಬೇಕೆಂದು ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತು. 66 ಹಾಕ್ ವಿಮಾನಗಳಿಗೆ ಒಪ್ಪಂದವಾದದ್ದು 2004ರಲ್ಲಿ. ಅವು ಬೀದರಿನಲ್ಲಿ ಸೇವೆಗೆ ಸೇರಿದ್ದು 2008ರಲ್ಲಿ. ಅವುಗಳಲ್ಲಿ 42 ವಿಮಾನಗಳನ್ನು ಬೆಂಗಳೂರಿನ ಎಚ್.ಎ.ಎಲ್.ನಲ್ಲೇ ತಯಾರಿಸುವುದೆಂದು ನಿಶ್ಚಯವಾಗಿತ್ತು.

ಹಾಕ್‌ನಲ್ಲಿ ಎರಡು ಆಸನ. ಮುಂದೆ ಶಿಷ್ಯ, ಹಿಂದೆ ಗುರು. ಶಿಷ್ಯ ತಪ್ಪಿದರೆ ತಿದ್ದಲು ಗುರು ಅಲ್ಲೇ ಇರುತ್ತಾರೆ. ದೇಶದ ಮೊದಲ ಮಹಿಳಾ ಯುದ್ಧ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ 2016ರಲ್ಲಿ ಅಧಿಕಾರಿಗಳಾದ ಮೇಲೆ ಹಾಕ್ ಹಾರಿಸಲು ಕಲಿತದ್ದೂ ಬೀದರಿನಲ್ಲೇ.

ಮಕ್ಕಳೇ, ನನಗೂ ಒಮ್ಮೆ ಮೆಟ್ಟಿಲು ಸಿಗಲಿಲ್ಲ. ಈ ಶಾಲೆಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ತೆಗೆದವನು ನಾನು. ಪಿ.ಯು.ಸಿ. ಸೇರಿದ ಮೊದಲ ಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ ಫೇಲಾದೆ. 'ವೇಗೋತ್ಕರ್ಷ' ಗೊತ್ತಿತ್ತು, 'ಆಕ್ಸಿಲರೇಷನ್' ಗೊತ್ತಿರಲಿಲ್ಲ. ನನ್ನ ಬೆಂಚಿನ ಗೆಳೆಯ ಆ ವರ್ಷವೇ ಓದು ಬಿಟ್ಟ. ಅವನು ನನಗಿಂತ ಜಾಣ. ಇವತ್ತೂ ಅದು ನನ್ನನ್ನು ಕಾಡುತ್ತದೆ.

ಉಕ್ಕಿನ ಕಾರ್ಖಾನೆಯಲ್ಲಿ ಹೊಸಬನನ್ನು ಮೊದಲ ದಿನವೇ ಕುಲುಮೆಯ ಮುಂದೆ ನಿಲ್ಲಿಸುವುದಿಲ್ಲ ಎಂಬುದು ಭದ್ರಾವತಿಯವರಿಗೆ ಹೇಳಿಕೊಡಬೇಕಿಲ್ಲ. ಕನ್ನಡ ಮಾಧ್ಯಮದ ಮಕ್ಕಳನ್ನು ಮಾತ್ರ ಯಾಕೆ ಹಾಗೆ ನಿಲ್ಲಿಸುತ್ತೇವೆ?

ಎನ್.ಡಿ.ಎ. ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಷ್ಟೇ ಇರುತ್ತದೆ. ವಾಯುಪಡೆಗೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ಗಣಿತ ಬೇಕೇ ಬೇಕು. ಈಗ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆದಿದೆ. ಹೈಸ್ಕೂಲಿನಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಆದ್ದರಿಂದ ಒಂದು ಕೋರಿಕೆ. ಗುರುಗಳು ಒಪ್ಪಿದರೆ, ಎಸ್.ಎಸ್.ಎಲ್.ಸಿ. ಮುಗಿಸಿದ ಮಕ್ಕಳಿಗೆ ಪ್ರತಿ ಬೇಸಿಗೆ ರಜೆಯಲ್ಲಿ ಇದೇ ಕೊಠಡಿಗಳಲ್ಲಿ ಆರು ವಾರ ಪಾಠ ಮಾಡಲು ನಮ್ಮ ಬ್ಯಾಚಿನ ಐದು ಮಂದಿ ಸಿದ್ಧರಿದ್ದೇವೆ. ಎರಡೂ ಭಾಷೆಯಲ್ಲಿ ಗಣಿತ, ವಿಜ್ಞಾನ. ಶುಲ್ಕವಿಲ್ಲ. ಹಿಂದಿನ ಆಸನದಲ್ಲಿ ನಾವು ಕೂರುತ್ತೇವೆ; ಹಾರಿಸುವವರು ನೀವು.

ನನಗೆ ಅಕ್ಷರದ ರೆಕ್ಕೆ ಕೊಟ್ಟ ಈ ಶಾಲೆಗೆ ಶರಣು.