ಬಕೆಟ್ಟಿನಲ್ಲಿ ಕರಗದ ಗಣಪ

ಪರಿಸರಸ್ನೇಹಿ ವಸ್ತುಗಳನ್ನು ಜನ ಯಾಕೆ ಕೊಳ್ಳುತ್ತಾರೆ ಎಂಬುದು ಇವತ್ತು ನನಗೆ ಕೊಟ್ಟಿರುವ ವಿಷಯ. ಪರಿಸರದ ಕಾಳಜಿಯಿಂದ ಅಂದುಬಿಟ್ಟರೆ ಭಾಷಣ ಇಲ್ಲಿಗೇ ಮುಗಿಯಿತು. ಆದರೆ ನನಗೆ ಹಾಗನ್ನಿಸಿಲ್ಲ. ಅದಕ್ಕೆ ಕಾರಣ ಒಂದು ಗಣಪತಿ.

ಕೆಲವು ವರ್ಷದ ಹಿಂದೆ ಚೌತಿಯ ಹಿಂದಿನ ದಿನ ಗಾಡಿಯವನೊಬ್ಬನ ಹತ್ತಿರ ಒಂದು ಮುದ್ದಾದ ಮೂರ್ತಿ ತಂದೆ. "ಮಣ್ಣಿಂದೇ ಸಾರ್, ಗ್ಯಾರಂಟಿ" ಅಂದ. ಯಡಿಯೂರು ಕೆರೆ ಪಕ್ಕದ ಕಲ್ಯಾಣಿಯಲ್ಲಿ ವಿಪರೀತ ರಷ್ಷು ಅಂತ ಆ ಸಲ ಮನೆಯಲ್ಲೇ ಬಕೆಟ್ಟಿನಲ್ಲಿ ಬಿಟ್ಟೆವು. ಬೆಳಿಗ್ಗೆ ನೋಡಿದರೆ ಸೊಂಡಿಲು ಕೂಡ ಕರಗಿಲ್ಲ! ನೀರು ಮಾತ್ರ ಗುಲಾಬಿ ಬಣ್ಣ. ನಾಲ್ಕನೇ ದಿನವೂ ಸ್ವಾಮಿ ಹಾಗೇ ಕೂತಿದ್ದ. "ತಾತ, ಗಣಪ ಯಾಕೆ ಊರಿಗೆ ಹೋಗ್ಲಿಲ್ಲ?" ಅಂತ ಮೊಮ್ಮಗಳು ದಿನಾ ಕೇಳುತ್ತಿದ್ದಳು. ಪಕ್ಕದ ಮನೆಯವರ ಗಣಪ ಅಷ್ಟು ಹೊತ್ತಿಗೆ ಕೆಸರಾಗಿ ಅವರ ದಾಸವಾಳದ ಬುಡ ಸೇರಿದ್ದ.

ನಾನು ತಂದದ್ದು ಮಣ್ಣಲ್ಲ, ಪ್ಲಾಸ್ಟರ್ ಆಫ್ ಪ್ಯಾರಿಸ್, ಅಂದರೆ ಪಿಒಪಿ. ಅದು ಕೆರೆ ನೀರಿಗೆ ಒಳ್ಳೆಯದಲ್ಲ ಅಂತ ಅದಕ್ಕೆ ಮುಂಚೆ ನನಗೇನು ಗೊತ್ತಿರಲಿಲ್ಲವೆ? ಪೇಪರಿನಲ್ಲಿ ವರ್ಷಾ ವರ್ಷಾ ಓದುತ್ತಿದ್ದೆ. ಆದರೆ ಕೆರೆಗೆ ಬಿಟ್ಟು ಬೆನ್ನು ತಿರುಗಿಸಿದ ಮೇಲೆ ಅದು ಕರಗಿತೋ ಇಲ್ಲವೋ ಯಾರು ನೋಡಿದ್ದರು? ಬಕೆಟ್ಟು ಮಾತ್ರ ನಾಲ್ಕು ದಿನ ಬಚ್ಚಲ ಬಾಗಿಲಲ್ಲೇ ಕೂತು ಲೆಕ್ಕ ಕೇಳಿತು. ವಸ್ತುವಿನ ಕೊನೆ ನಮ್ಮ ಕಣ್ಣೆದುರೇ ಆದರೆ ಮುಂದಿನ ಸಲದ ಖರೀದಿ ತಾನಾಗಿ ಬದಲಾಗುತ್ತದೆ ಎಂಬುದು ನನ್ನ ಅನುಭವ. 2015ರ ಡಿಸೆಂಬರಿನಲ್ಲಿ ಹೈಕೋರ್ಟು ಬೆಂಗಳೂರಿಗೆಲ್ಲ ಕಸ ಬೇರ್ಪಡಿಸಲು ಎರಡು ಬುಟ್ಟಿ, ಒಂದು ಚೀಲ ಕಡ್ಡಾಯ ಮಾಡಿದ ಮೇಲೆ ನಮ್ಮ ಮನೆಯಲ್ಲಿ ಆದದ್ದೂ ಇದೇ. ಕಸ ಬೇರೆ ಮಾಡುವ ಕೈಗೆ ವಾರಕ್ಕೆ ಎಷ್ಟು ಹಾಲಿನ ಕವರು, ಎಷ್ಟು ಪೊಟ್ಟಣ ಅಂತ ಮೊದಲ ಸಲ ಗೊತ್ತಾಯಿತು.

ಇನ್ನೊಂದು, ನೆರೆಹೊರೆ. 2008ರಲ್ಲಿ ಪ್ರಕಟವಾದ, ಅಮೆರಿಕದ ಹೋಟೆಲೊಂದರ ಅಧ್ಯಯನ ನನಗೆ ಬಹಳ ಇಷ್ಟ. ಟವೆಲನ್ನು ಮತ್ತೆ ಬಳಸಿ, ಪರಿಸರ ಉಳಿಸಿ ಎಂಬ ಚೀಟಿಗೆ ಶೇ. 35ರಷ್ಟು ಅತಿಥಿಗಳು ಒಪ್ಪಿದರು. ಹೆಚ್ಚಿನ ಅತಿಥಿಗಳು ಹೀಗೇ ಮಾಡುತ್ತಾರೆ ಅಂತ ಬರೆದಾಗ ಶೇ. 44. ಎರಡನೇ ಪ್ರಯೋಗದಲ್ಲಿ, ಇದೇ ರೂಮಿನಲ್ಲಿ ತಂಗಿದ್ದವರು ಹೀಗೆ ಮಾಡಿದರು ಅಂದಾಗ ಶೇ. 49. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಭೂಮಿತಾಯಿಗಿಂತ ನಮ್ಮ ಕ್ರಾಸಿನವರು ಹತ್ತಿರ.

ಬೆಲೆಯೂ ಇದೆ. ಜೇಡಿಮಣ್ಣಿನ ಮೂರ್ತಿ ಆಷಾಢದ ಮಳೆಯಲ್ಲಿ ನಿಧಾನವಾಗಿ ಒಣಗಬೇಕು, ಒಣಗುವಾಗ ಬಿರುಕೂ ಬಿಡುತ್ತದೆ. ಪಿಒಪಿ ಅಚ್ಚಿನಲ್ಲಿ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಹಗುರ, ನುಣುಪು. ಅದೇ ದುಡ್ಡಿಗೆ ದೊಡ್ಡದು ಸಿಗುತ್ತದೆ ಅಂದರೆ ಕೈ ಆ ಕಡೆಗೇ ಹೋಗುತ್ತದೆ, ತಪ್ಪೇನು? ಕಾಯ್ದೆ ಇದ್ದರೆ ಸಾಕು ಅನ್ನುವವರು ಒಂದು ಸಂಜೆ ಯಾವುದಾದರೂ ಮಾರ್ಕೆಟ್ಟಿಗೆ ಹೋಗಿ ಬನ್ನಿ. ರಾಜ್ಯದಲ್ಲಿ 2016ರ ಮಾರ್ಚಿನಿಂದಲೇ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ ಇದೆ. ಕೊತ್ತಂಬರಿ ಕಟ್ಟು ಇಂದಿಗೂ ಯಾವುದರಲ್ಲಿ ಬರುತ್ತದೆ, ನೋಡಿ. ಅದರ ಬದಲು ಗವಿಪುರದ ಅದಮ್ಯ ಚೇತನ ಸಂಸ್ಥೆಯವರು ಮಾಡಿದ್ದು ನೋಡಿ: ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟ ಕೊಡುವ ಪ್ಲೇಟ್ ಬ್ಯಾಂಕ್. ತಟ್ಟೆ ಎಲ್ಲಿಂದ ತರೋಣ ಎಂಬ ಚಿಂತೆಯೇ ತಪ್ಪಿದರೆ ಥರ್ಮೊಕೋಲ್ ಯಾರಿಗೆ ಬೇಕು?

ಆ ಬಕೆಟ್ಟಿನ ನಂತರದ ವರ್ಷ ಆರ್.ವಿ. ರಸ್ತೆಯ ಕಡೆ ಹೋದೆ, ಬಣ್ಣ ಬಳಿಯದ ಮೂರ್ತಿ ಹುಡುಕಿಕೊಂಡು. ಒದ್ದೆ ಬೆರಳಿನಿಂದ ಉಜ್ಜಿದರೆ ಮಣ್ಣು ಕೆಸರಾಗಿ ಬೆರಳಿಗೆ ಮೆತ್ತುತ್ತದೆ, ಪಿಒಪಿ ಮೆತ್ತುವುದಿಲ್ಲ ಅಂತ ಪಕ್ಕದ ಮನೆಯವರು ಹೇಳಿಕೊಟ್ಟಿದ್ದರು. ಪೀಠದ ಅಡಿಗೆ ಬೆರಳು ಒಯ್ದೆನೋ ಇಲ್ಲವೋ, ಅಂಗಡಿಯಾಕೆ ಮೂರ್ತಿ ಹಿಂದಕ್ಕೆಳೆದುಕೊಂಡರು: "ಮಣ್ಣೇ ಸಾರ್, ಉಜ್ಜಬೇಡಿ! ಬೆಳಿಗ್ಗೆಯಿಂದ ಎಲ್ಲರೂ ಉಜ್ಜಿ ಉಜ್ಜಿ ಪೀಠಾನೇ ಸವೆದುಹೋಗಿದೆ."