ನೇತ್ರಾಣಿಯ ನೀರಿಗೆ ಇಳಿಯುವ ಮುನ್ನ



ಮಳೆಗಾಲ ಮುಗಿದು ಕಡಲು ತಿಳಿಯಾಯ್ತು ಅಂದ್ರೆ ಸಾಕು, ಮುರುಡೇಶ್ವರದ ದಡದಲ್ಲಿ ದೇವರ ದರ್ಶನಕ್ಕೆ ಬಂದವರ ಜೊತೆ ಈಗ ಇನ್ನೊಂದು ಗುಂಪೂ ಕಾಣಿಸುತ್ತೆ. ಬೆಂಗಳೂರಿನ ಐಟಿ ಹುಡುಗರು, ಮಣಿಪಾಲದ ವಿದ್ಯಾರ್ಥಿಗಳು, ಉಡುಪಿ-ಕಾರ್ಕಳದಿಂದ ಕಾರು ಮಾಡಿಕೊಂಡು ಬಂದ ಸಂಸಾರಗಳು. ಎಲ್ಲರೂ ಹೊರಟಿರೋದು ನೇತ್ರಾಣಿ ದ್ವೀಪಕ್ಕೆ. ದಡದಿಂದ ಸುಮಾರು 19 ಕಿಲೋಮೀಟರ್. ಅಲ್ಲಿ ಸ್ಕೂಬಾ ಡೈವಿಂಗ್.

ಒಂದು ಕಾಲಕ್ಕೆ ನೌಕಾಪಡೆಯವರು ಗುರಿ ಇಟ್ಟು ಹೊಡೆಯೋ ಅಭ್ಯಾಸಕ್ಕೆ ಬಳಸಿಕೊಂಡ ದ್ವೀಪ ಅದು. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದಮೇಲೆ, ಅದರ ನೀರೊಳಗಿನ ಲೋಕ ಕನ್ನಡಿಗರ ಮನೆಮಾತಾಯ್ತು. ಒಳ್ಳೇದೇ. ಕಡಲು ಅಂದ್ರೆ ಮೀನು ಮತ್ತು ಸೂರ್ಯಾಸ್ತ ಇಷ್ಟೇ ಅಂದುಕೊಂಡಿದ್ದ ನಾವು ಅದರ ಒಳಗೂ ಇಣುಕಿ ನೋಡ್ತಿದ್ದೀವಿ. ನಾನು ಇದರ ವಿರೋಧಿ ಅಲ್ಲ. ಆದರೆ ಇಣುಕೋಕೆ ಮುಂಚೆ ಕೆಲವು ಮಾತು ತಿಳ್ಕೊಳ್ಳೋದು ಒಳ್ಳೇದು.

ಮೊದಲನೆಯದು ಹವಳ. ಅದು ಕಲ್ಲಲ್ಲ, ಗಿಡವೂ ಅಲ್ಲ. ಜೀವ ಇರೋ ಪ್ರಾಣಿಗಳ ಕಾಲೋನಿ. ಮನುಷ್ಯನ ಕಾಲು ತಾಗಿ ಮುರಿದರೆ ಮತ್ತೆ ಬೆಳೆಯೋಕೆ ವರ್ಷಗಳೇ ಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿ, ಅಂದ್ರೆ ಹುಲಿಗೆ ಕೊಟ್ಟಿರೋ ರಕ್ಷಣೆಯ ಸಾಲಿನಲ್ಲೇ, ಕಲ್ಲುಹವಳಕ್ಕೂ ಜಾಗ ಇದೆ. ನೆನಪಿಗೆ ಇರಲಿ ಅಂತ ಒಂದು ಚೂರು ಕಿತ್ತು ಜೇಬಿಗೆ ಹಾಕ್ಕೊಂಡರೂ ಅದು ಅಪರಾಧ. 2024ರಲ್ಲಿ ಸಮುದ್ರ ಕಾದು ಲಕ್ಷದ್ವೀಪದ ಹವಳ ಬಿಳುಚಿಕೊಂಡಿದ್ದನ್ನ ಸುದ್ದಿಯಲ್ಲಿ ನೋಡಿದ್ದೀರಿ. ಬಿಸಿಲಿನ ಏಟು ಸಾಲದು ಅಂತ ನಾವು ಆಂಕರ್ ಎಸೆದು, ಕಾಲಿಟ್ಟು ತುಳಿದರೆ ಉಳಿಯೋದು ಏನು?

ಎರಡನೆಯದು ನಿಮ್ಮ ಜೀವ. ಬೆನ್ನಿಗೆ ಕಟ್ಟೋದನ್ನ ಜನ ಆಕ್ಸಿಜನ್ ಸಿಲಿಂಡರ್ ಅಂತಾರೆ. ಅದರಲ್ಲಿ ಇರೋದು ಸಾಮಾನ್ಯವಾಗಿ ನಾವು ನೀವು ಉಸಿರಾಡೋ ಗಾಳಿಯೇ, ಒತ್ತಿ ತುಂಬಿರ್ತಾರೆ ಅಷ್ಟೇ. ಮೊದಲ ಸಲ ಇಳಿಯೋರಿಗೆ ಸಾಮಾನ್ಯ ಮಿತಿ 12 ಮೀಟರ್. ಅದೆಷ್ಟು ಅಂದ್ರೆ, ನಮ್ಮ ಕಾರ್ಕಳದ ಗೊಮ್ಮಟ ಸುಮಾರು 42 ಅಡಿ ಅಲ್ವಾ, ಹೆಚ್ಚುಕಮ್ಮಿ ಅಷ್ಟೇ ಆಳ. 10 ಮೀಟರ್ ಕೆಳಗೆ ಒತ್ತಡ ದಡದ ಎರಡು ಪಟ್ಟು. ಅಲ್ಲಿ ಎದೆ ತುಂಬಾ ಗಾಳಿ ಎಳೆದುಕೊಂಡು, ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೆ ಚಿಮ್ಮಿದರೆ, ಆ ಗಾಳಿ ಎರಡು ಪಟ್ಟು ಹಿಗ್ಗೋಕೆ ನೋಡುತ್ತೆ. ಶ್ವಾಸಕೋಶ ಹರಿಯುತ್ತೆ. ಅದಕ್ಕೇ ಮೊದಲ ಪಾಠ, ಉಸಿರು ಕಟ್ಟಬೇಡಿ. ಎರಡನೇ ಪಾಠ, ನಿಧಾನವಾಗಿ ಮೇಲೆ ಬನ್ನಿ. ಆಸ್ತಮಾ, ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ. ಸಂಜೆಯೇ ಮಂಗಳೂರಿನಿಂದ ವಿಮಾನ ಹತ್ತೋ ಪ್ಲಾನ್ ಇದ್ದರೆ ಬಿಟ್ಟುಬಿಡಿ. 18 ಗಂಟೆಯಾದರೂ ಬಿಡುವು ಬೇಕು. ಕಡಿಮೆ ರೇಟು ಕೇಳೋ ಮುಂಚೆ, ‘ಏನಾದರೂ ಆದರೆ ಯಾವ ಆಸ್ಪತ್ರೆಗೆ ಕರೆದುಕೊಂಡು ಹೋಗ್ತೀರಿ’ ಅಂತ ಕೇಳಿ.

ಇನ್ನು ಮೂರನೆಯದು. ಹೊರದೇಶಗಳಲ್ಲಿ ಕ್ಲಬ್ಬುಗಳು ಮುಳುಗಿದ ಹಡಗು ನೋಡೋಕೇ ಅಂತ ಹೋಗ್ತವೆ. ನಮ್ಮಲ್ಲೂ ಅಂಥ ಆಸೆ ಹುಟ್ಟುತ್ತಿದೆ. ಆದರೆ ನಮ್ಮ ಕರಾವಳಿಯಲ್ಲಿ ಮುಳುಗಿದ ಹಡಗು ಅಂದ್ರೆ ಹಳೇ ಕತೆ ಅಲ್ಲ. ಕಾಪುವಿನಲ್ಲಿ 1901ರಲ್ಲಿ ಲೈಟ್‌ಹೌಸ್ ಕಟ್ಟಿದ್ದು ಫೋಟೋ ತೆಗೆಸಿಕೊಳ್ಳೋಕೆ ಅಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತಕ್ಕೆ ಸಿಕ್ಕ ಟಗ್ ಒಂದು ಆ ಭಾಗದ ಬಂಡೆಗೆ ಸಿಕ್ಕಿಹಾಕಿಕೊಂಡಾಗ, ಅದರಲ್ಲಿದ್ದ 9 ಮಂದಿಯನ್ನ ಕೋಸ್ಟ್ ಗಾರ್ಡ್, ನೌಕಾಪಡೆ ಸೇರಿ ಎತ್ತಿ ತಂದರು. ಅವರು ಬದುಕಿದರು.

ಸುವರ್ಣ ತ್ರಿಭುಜದವರು ಬರಲಿಲ್ಲ. 2018ರ ಡಿಸೆಂಬರ್ 13ಕ್ಕೆ ಮಲ್ಪೆಯಿಂದ ಹೊರಟ ಬೋಟು, 7 ಮಂದಿ ಮೀನುಗಾರರು. ಎರಡೇ ದಿನಕ್ಕೆ ಸಂಪರ್ಕ ಕಡಿದುಹೋಯ್ತು. ಸಾವಿರಾರು ಮೀನುಗಾರರು ಹೆದ್ದಾರಿಗೆ ಇಳಿದು ‘ಹುಡುಕಿಕೊಡಿ’ ಅಂದರು. 2019ರ ಮೇನಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್, ಮಹಾರಾಷ್ಟ್ರದ ಮಾಲ್ವಣ್ ತೀರದಿಂದ ಸುಮಾರು 33 ಕಿಲೋಮೀಟರ್ ದೂರ, 60 ಮೀಟರ್ ಆಳದಲ್ಲಿ ಅದರ ಅವಶೇಷ ಪತ್ತೆ ಮಾಡಿತು. ಹವ್ಯಾಸಿ ಡೈವರ್‌ಗೆ ಮಿತಿ 40 ಮೀಟರ್. ಅದಕ್ಕೂ ಕೆಳಗಿರೋದು ಏಳು ಮನೆಯ ದುಃಖ. ಅದನ್ನ ಸಾಹಸ ಅಂತ ಕರೆಯೋಕೆ ನನಗಂತೂ ಬಾಯಿ ಬರಲ್ಲ.

ಈಗ ಅಸಲು ಪ್ರಶ್ನೆಗೆ ಬರ್ತೀನಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಉಕ್ಕಿ ಹರಿಯೋ ಗಂಗಾವಳಿಗೆ ಇಳಿದವರು ಯಾರು? ಮಲ್ಪೆಯ ಮುಳುಗುತಜ್ಞ ಈಶ್ವರ್ ಮಲ್ಪೆ. ಅವರೇನು ಸರ್ಕಾರಿ ನೌಕರರಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ, ಇದೇ ಮುರುಡೇಶ್ವರದ ಅಲೆಗೆ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ಕು ಹೆಣ್ಣುಮಕ್ಕಳು ಬಲಿಯಾದರು. ದಡದಲ್ಲಿ ಮಕ್ಕಳ ಜೀವ ಉಳಿಸೋಕಾಗದ ನಾವು, ಆಳಕ್ಕೆ ಪ್ರವಾಸಿಗರನ್ನ ಇಳಿಸ್ತಿದ್ದೀವಿ!

ಸ್ಕೂಬಾ ಕಲಿತವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಆ ವಿದ್ಯೆ ಭಾನುವಾರದ ಮೋಜಿಗೆ ಮಾತ್ರ ಯಾಕೆ? ಮಲ್ಪೆ, ಕಾಪು, ಗಂಗೊಳ್ಳಿಯ ಮೀನುಗಾರರ ಮಕ್ಕಳಿಗೆ ಸರ್ಕಾರ ಖರ್ಚು ಹಾಕಿ ತರಬೇತಿ ಕೊಡಲಿ. ಪ್ರತಿ ಕಡಲೂರಿನಲ್ಲಿ ನಾಲ್ಕು ಸೆಟ್ ಉಪಕರಣ, ನಾಲ್ಕು ಮಂದಿ ಸಂಬಳದ ಮುಳುಗುತಜ್ಞರು ಇರಲಿ. ಕ್ಲಬ್ಬುಗಳು ವರ್ಷಕ್ಕೆ ಎರಡು ದಿನ ಅವರ ಜೊತೆ ಅಭ್ಯಾಸ ಮಾಡಲಿ, ಹವಳಕ್ಕೆ ಸುತ್ತಿಕೊಂಡ ಹರಕು ಬಲೆ ಬಿಡಿಸಲಿ. ಇದಕ್ಕೆ ಕೋಟಿ ಕೋಟಿ ಬೇಕಾಗಿಲ್ಲ, ಮನಸ್ಸು ಬೇಕು.

ಕಡಲನ್ನ ಅಮ್ಮ ಅಂತೀವಿ. ಅಮ್ಮನ ಮಡಿಲಿಗೆ ಹೋಗೋರು ಚಪ್ಪಲಿ ಬಿಟ್ಟು ಹೋಗ್ತಾರೆ. ನೇತ್ರಾಣಿಗೆ ಹೋಗಿ, ಖಂಡಿತ ಹೋಗಿ. ಕಲಿತು ಹೋಗಿ, ಮುಟ್ಟದೆ ನೋಡಿ, ಕ್ಷೇಮವಾಗಿ ಬನ್ನಿ.